ಆಳ ಸಮುದ್ರದ ಹಾರರ್ ಕಾದಂಬರಿ: ಯಾವ್ದು ಯಾರಿಗೆ ಹೊಂದತೈತಿ?

ಸಮುದ್ರದ ಹಾರರ್ ಅಂದಕೂಡ್ಲೇ ಮಂದಿ ಮೊದ್ಲ ಕೇಳೋದು "ಅದ್ರಾಗ ಏನ್ ಬರತೈತಿ? ಶಾರ್ಕಾ, ಆಕ್ಟೋಪಸ್ಸಾ, ದೆವ್ವಾ?" ಅಂತ. ಹಂಗ ಕೇಳಿ ಪುಸ್ತಕ ತರಿಸಿದವ್ರು ಐವತ್ತು ಪುಟಕ್ಕ ಮಡಚಿಟ್ಟು "ಏನೂ ಆಗವಲ್ದಲ್ಲಪಾ ಇದ್ರಾಗ" ಅಂತ ಕುಂದ್ರತಾರ. ಪ್ರಾಣಿ ಯಾವ್ದು ಅನ್ನೋದು ಆಮ್ಯಾಲಿನ ಮಾತು. ನಿಮ್ಗ ಯಾತರ ಅಂಜಿಕಿ ಹತ್ತತೈತಿ ಅನ್ನೋದು ಮೊದ್ಲು. ಆಳ ಸಮುದ್ರದ ಕಥ್ಯಾಗ ಅಂಜಿಕಿ ಮೂರು ಕಡಿಂದ ಬರತೈತಿ, ಒಂದು ಮ್ಯಾಲಿಂದ ಒತ್ತೋ ನೀರಿನ ಭಾರ, ಇನ್ನೊಂದು ಏನೂ ಕಾಣದ ಕತ್ತಲ, ಮೂರನೇದು ಕೆಳಗ ಹೋದವ್ರು ಮ್ಯಾಲ ಬರ್ತಾರೋ ಇಲ್ಲೋ ಅಂತ ಕಾಯೋದು. ನನ್ನ ಕೇಳಿದ್ರ ಈ ಕಾಯೋದ ಖರೇ ಹಾರರ್, ಉಳಿದಿದ್ದೆಲ್ಲ ಮಸಾಲಿ. ಆದ್ರ ಎಲ್ಲಾರಿಗೂ ಹಂಗ ಅನಸಂಗಿಲ್ಲ, ಅದಕ್ಕ ಈ ಹೋಲಿಕಿ.

ಇನ್ನೊಂದು ಏನಂದ್ರ ನಾವು ಕೊಪ್ಪಳ ಗಂಗಾವತಿ ಕಡಿಯವ್ರು ಸಮುದ್ರ ನೋಡೋದ ಟೂರ್ ಹೋದಾಗ. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳದು, ಗೋಕರ್ಣದಾಗೋ ಮುರ್ಡೇಶ್ವರದಾಗೋ ಪ್ಯಾಂಟ್ ಮಡಚಿ ಮೊಣಕಾಲ ಮಟ ನಿಂತು ಫೋಟೊ ತಕ್ಕೊಂಡು ವಾಪಸ್. ಹಿಂಗಾಗಿ ನಮ್ಗ ಸಮುದ್ರ ಅಂದ್ರ ದಂಡಿ, ಅದರ ಆಳ ಅನ್ನೋದು ತಲ್ಯಾಗ ಬರೋದಿಲ್ಲ. ಇದು ಓದೋರಿಗೆ ಲಾಭನೂ ಹೌದು, ಯಾಕಂದ್ರ ಏನೂ ಗೊತ್ತಿಲ್ದ ಜಾಗದ ಕಥಿ ಹೆಚ್ಚು ಅಂಜಸತೈತಿ, ಆದ್ರ ಕಥಿಗಾರರು ಹೇಳೋ ಸಂಖ್ಯೆ ಎಷ್ಟು ದೊಡ್ಡದು ಅಂತ ತಿಳೀಲಿಲ್ಲಂದ್ರ ಅರ್ಧ ಮಜಾ ಹೋಗತೈತಿ.

ಅದಕ್ಕ ಪುಸ್ತಕಕ್ಕಿಂತ ಮೊದ್ಲ ಸ್ವಲ್ಪ ಲೆಕ್ಕ. ನೀರಾಗ ಹತ್ತು ಮೀಟರ್ ಇಳಿದಂಗೆಲ್ಲ ಒಂದು ಚದರ ಸೆಂಟಿಮೀಟರಿನ ಮ್ಯಾಲ ಹೆಚ್ಚುಕಡಿಮಿ ಒಂದು ಕೆಜಿ ಭಾರ ಏರಕೋಂತ ಹೋಗತೈತಿ. ಜಗತ್ತಿನ ಎಲ್ಲಾಕ್ಕಿಂತ ಆಳದ ಜಾಗ ಪೆಸಿಫಿಕ್ ಸಾಗರದ ಮರಿಯಾನಾ ಟ್ರೆಂಚು, ಅಂದ್ರ ಸಮುದ್ರದ ತಳದಾಗಿನ ಕಂದಕ, ಸುಮಾರು 10,900 ಮೀಟರ್, ಅಲ್ಲಿ ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮ್ಯಾಲ ಒಂದು ಟನ್ನಿಗಿಂತ ಜಾಸ್ತಿ ಭಾರ ಕುಂತಿರತೈತಿ. ನೀರಿನ ಜೋರು ಏನಂತ ನಮ್ಗ ಯಾರೂ ಹೇಳಿಕೊಡಬೇಕಿಲ್ಲ ಬಿಡ್ರಿ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ ಕೊಚ್ಕೊಂಡು ಹೋದಾಗ ಮುನಿರಾಬಾದ ಕಡಿ ಹೋಗಿ ನೋಡಿದವ್ರು ಭಾಳ ಮಂದಿ ಅದಾರ. 33 ಗೇಟಿನಾಗ ಒಂದ ಒಂದು ಗೇಟು, 20 ಅಡಿ ಎತ್ತರದ್ದು, ಅಷ್ಟಕ್ಕ ಹರಿಯೋ ನೀರಾಗ ಸ್ಟಾಪ್‌ಲಾಗ್, ಅಂದ್ರ ಗೇಟಿನ ಬದ್ಲಿ ತಾತ್ಕಾಲಿಕ ಅಡ್ಡ ತುಂಡುಗಳನ್ನ, ಇಳಿಸೋಮಟ ಇಡೀ ಜಿಲ್ಲಾದ ರೈತರು ಉಸಿರು ಬಿಗಿಹಿಡ್ಕೊಂಡು ಕುಂತಿದ್ರು. 20 ಅಡಿ ನೀರಿಗೆ ಅಷ್ಟು. ಈಗ ಕಾದಂಬರ್ಯಾಗ "ಮೂರು ಸಾವಿರ ಮೀಟರ್ ಕೆಳಗ" ಅಂತ ಬಂದಾಗ ಒಂದು ಸೆಕೆಂಡ್ ನಿಂತು ಅದನ್ನ ನೆನಸ್ಕೋರಿ.

ಬೆಳಕಿನ ಮಾತು ಇನ್ನೂ ಸುಲಭ. 200 ಮೀಟರ್ ಮಟ ಬಿಸಿಲು ಚೊಲೊತ್ನ್ಯಾಗ ಇರತೈತಿ, ಅಲ್ಲಿಂದ 1,000 ಮೀಟರ್ ಮಟ ಮಸುಕು ಮಸುಕು, ಅದರ ಕೆಳಗ ಸೂರ್ಯನ ಬೆಳಕು ಅನ್ನೋದ ಇಲ್ಲ. ಅಲ್ಲಿ ಇರೋ ಬೆಳಕು ಪ್ರಾಣಿಗಳು ತಾವ ಮಾಡ್ಕೊಂಡಿದ್ದು. ಮ್ಯಾಲಿಂದ ಸತ್ತ ಜೀವಿಗಳ ಪುಡಿ, ಕಸ ಎಲ್ಲ ಸಣ್ಣಗ ಉದುರಕೋಂತ ಬರತೈತಿ, ಕೆಳಗಿನವು ಅದನ್ನ ತಿಂದು ಬದುಕತಾವ. ಇದ್ರಾಗ ಒಂದಕ್ಷರ ಕಲ್ಪನೆ ಇಲ್ಲ, ಕಥಿ ಬರಿಯೋರು ಅರ್ಧ ಕೆಲಸ ಮಾಡೋಕ ಮುಂಚೆನ ಸಮುದ್ರನ ಮಾಡಿಟ್ಟೈತಿ.

ಮಂದಿ ಹೋಗಿ ಬಂದ ಕಥಿನೂ ಅದಾವ. 1960ರ ಜನವರಿ 23ಕ್ಕ ಜಾಕ್ ಪಿಕಾರ್ಡ್, ಡಾನ್ ವಾಲ್ಷ್ ಅಂತ ಇಬ್ರು ಟ್ರಿಯೆಸ್ಟ್ ಅನ್ನೋ ಮುಳುಗು ವಾಹನದಾಗ ಆ ಟ್ರೆಂಚಿನ ತಳ ಮುಟ್ಟಿದ್ರು. ಇಳಿಯೋಕ ಐದು ತಾಸಿನ ಹತ್ರ ಹತ್ತು, ಇಳಿಯೋವಾಗ ಒಂದು ಕಿಟಕಿ ಬಿರುಕು ಬಿಡ್ತು, ಆದ್ರೂ ಇಳದ್ರು, ತಳದಾಗ ಬರೇ ಇಪ್ಪತ್ತು ನಿಮಿಷ ಇದ್ದು ಮ್ಯಾಲ ಬಂದ್ರು. 2023ರ ಜೂನ್ 18ಕ್ಕ ಟೈಟಾನಿಕ್ ಹಡಗು ನೋಡೋಕ ಅಂತ ಹೋದ ಟೈಟನ್ ಅನ್ನೋ ಮುಳುಗು ವಾಹನದಾಗ ಐದು ಮಂದಿ ಇದ್ರು, ಇಳಿಯೋಕ ಶುರು ಮಾಡಿ ಎರಡು ತಾಸಿನೊಳಗ ಸಂಪರ್ಕ ಕಡಿದು ಹೋತು, ವಾಹನ ಒಳಗ ಒಳಗ ಕುಸಿದಿತ್ತು. ನಮ್ಮ ದೇಶದ್ದೂ ಈಗ ಮತ್ಸ್ಯ 6000 ಅಂತ ಐತಿ, ಚೆನ್ನೈದಾಗ ಮಾಡಕತ್ತಾರ, ಮೂರು ಮಂದಿ ಕುಂತು 6,000 ಮೀಟರ್ ಇಳಿಯೋ ಹಂಗ, ಟೈಟಾನಿಯಮ್ ಗೋಳದಾಗ. ಈ "ಮೂರು ಮಂದಿ" ನೆನಪಿಟ್ಕೋರಿ, ಮುಂದ ಬರತೈತಿ.

ಇನ್ನ ಪುಸ್ತಕ. ಎಲ್ಲಾ ಇಂಗ್ಲಿಷಿನವು, ಅದನ್ನೂ ಲೆಕ್ಕಕ್ಕ ತಗೊಂಡ ಹೇಳ್ತೀನಿ.

ಕಾಯೋ ಅಂಜಿಕಿ ಬೇಕಂದ್ರ

ಜೂಲಿಯಾ ಆರ್ಮ್‌ಫೀಲ್ಡ್ ಬರದ "ಅವರ್ ವೈವ್ಸ್ ಅಂಡರ್ ದ ಸೀ", 2022ರದ್ದು. ಇಬ್ರು ಹೆಣ್ಣುಮಕ್ಕಳು, ಮಿರಿ ಮತ್ತ ಲಿಯಾ, ಮದುವಿ ಆಗಿ ಒಂದು ಮನ್ಯಾಗ ಇರೋವ್ರು. ಲಿಯಾ ಸಮುದ್ರ ವಿಜ್ಞಾನಿ, ಸಬ್‌ಮರೀನಿನ್ಯಾಗ ಮೂರು ವಾರದ ಕೆಲಸಕ್ಕ ಅಂತ ಹೋಗ್ತಾಳ, ಒಳಗ ಮೂರ ಮಂದಿ. ಮಷೀನು ಬಂದಾಗಿ ತಳಕ್ಕ ಹೋಗಿ ಕುಂದ್ರತೈತಿ, ಆಕಿ ಮ್ಯಾಲ ಬರೋದು ಆರು ತಿಂಗಳಿಗೆ. ಬಂದಾಕಿ ಮೊದ್ಲಿನ ಲಿಯಾ ಅಲ್ಲ. ಇಷ್ಟು ಹೇಳಿದ್ರ ಕಥಿ ಕೆಡಂಗಿಲ್ಲ, ಶುರುವಿನ್ಯಾಗನ ಇದು ಗೊತ್ತಾಗತೈತಿ.

ಒಂದು ಅಧ್ಯಾಯ ಮಿರಿ ಹೇಳ್ತಾಳ, ಒಂದು ಲಿಯಾ. ಮಿರಿದು ಈಗಿನ ಕಥಿ, ಮನ್ಯಾಗ, ನೆಲದ ಮ್ಯಾಲ. ಲಿಯಾದು ಹಿಂದಿಂದು, ತಳದಾಗ. ಪುಸ್ತಕದ ಭಾಗಗಳಿಗೆ ಸಮುದ್ರದ ಐದು ಪದರದ ಹೆಸರು ಇಟ್ಟಾರ, ಬಿಸಿಲಿನ ಪದರದಿಂದ ಹಿಡಿದು ಹೇಡಲ್ ಅಂತ ಕರೀತಾರಲ್ಲ, 6,000 ಮೀಟರಿನ ಕೆಳಗಿನ ಪದರ, ಅಲ್ಲೀಮಟ. ಅಂದ್ರ ನೀವು ಪುಟ ತಿರುವಿದಂಗ ನೀವೂ ಇಳಕೋಂತ ಹೋಗ್ತೀರಿ. ಜಾಣತನ ತೋರಸೋಕ ಮಾಡಿದ್ದಲ್ಲ ಇದು, ಮನ್ಯಾಗ ನಡಿಯೋ ಭಾಗದಾಗೂ ಬರಬರತಾ ಉಸಿರು ಕಟ್ಟತೈತಿ.

ಇದ್ರಾಗ ಅಂಜಸೋದು ಏನು ಗೊತ್ತೇನ್ರಿ? ಸ್ನಾನದ ಮನಿ ನಲ್ಲಿ. ಲಿಯಾ ಬಂದಾಗಿಂದ ನಲ್ಲಿ ಬಿಟ್ಕೊಂಡು ತಾಸುಗಟ್ಟಲೆ ನೀರಾಗ ಕುಂದ್ರತಾಳ, ಉಪ್ಪು ಹಾಕಿದ ನೀರು ಕುಡೀತಾಳ, ಹೊರಗ ಮಿರಿ ಬಾಗಿಲ ಹತ್ರ ನಿಂತು ನೀರಿನ ಸಪ್ಪಳ ಕೇಳ್ತಾಳ. ಕೆಲಸಕ್ಕ ಕಳಿಸಿದ ಸಂಸ್ಥೆಗೆ ಮಿರಿ ಫೋನ್ ಹಚ್ಚತಾಳ, ಹಚ್ಚತಾಳ, ಹಚ್ಚತಾನ ಇರ್ತಾಳ, ಯಾರೂ ಸರಿಯಾಗಿ ಉತ್ತರ ಕೊಡಂಗಿಲ್ಲ. ಈ ಫೋನಿನ ಭಾಗ ಓದುವಾಗ ನಮ್ಮ ಮಂದಿಗೆ ಮೈ ಉರೀತೈತಿ, ಯಾಕಂದ್ರ ಆಫೀಸಿನವ್ರು ಆ ಟೇಬಲ್ಲಿಗೆ ಹೋಗು ಈ ಟೇಬಲ್ಲಿಗೆ ಹೋಗು ಅನ್ನೋದು ನಮ್ಗ ಹೊಸಾದೇನಲ್ಲ. ದೆವ್ವ ಬಂದ್ರ ಓಡಬಹುದು, ಹೋಲ್ಡಿಗೆ ಹಾಕಿದ ಫೋನಿಂದ ಎಲ್ಲಿ ಓಡ್ತೀರಿ.

ಸುಮಾರು 230 ಪುಟದ ಸಣ್ಣ ಪುಸ್ತಕ, ಆದ್ರ ಜಲ್ದಿ ಮುಗಿಯೋದಲ್ಲ. ಇಂಗ್ಲಿಷು ಕಠಿಣ ಶಬ್ದದಿಂದ ತುಂಬಿಲ್ಲ, ವಾಕ್ಯ ಮಾತ್ರ ಉದ್ದ, ಸುತ್ತಿಬಳಸಿ ಬರತಾವ. "ಏನಾತು, ಯಾಕಾತು, ಯಾರು ಮಾಡಿದ್ರು" ಅಂತ ಪೂರಾ ಲೆಕ್ಕ ಕೊಡಬೇಕು ಅನ್ನೋರಿಗೆ ಇದು ಬ್ಯಾಡ, ಸಂಸ್ಥೆ ಯಾವ ಉದ್ದೇಶಕ್ಕ ಕಳಿಸ್ತು ಅನ್ನೋದನ್ನ ಲೇಖಕಿ ಬೇಕಂತನ ಬಿಡಸಿ ಹೇಳಿಲ್ಲ. ನನ್ನ ದೋಸ್ತ ಒಬ್ಬ, ಗಂಗಾವತಿಯಾಗ ರೈಸ್ ಮಿಲ್ಲಿನ ಲೆಕ್ಕ ನೋಡ್ಕೊಂಡಿರಾಂವ, ಓದಿ ಕೊಟ್ಟು "ಲೇ, ಕಡೀಗೂ ಏನಾತೋ ಹೇಳಲಿಲ್ಲಲ್ಲೋ ಆಕಿ, ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಲಿಲ್ಲ ನೋಡು" ಅಂದ. "ಟ್ಯಾಲಿ ಆಗದಿದ್ದದ್ದ ಹಾರರಲೇ" ಅಂದ್ರ ಸಿಟ್ಟಿಗೆದ್ದ. ಅವಂಗ ಮುಂದಿನ ಪುಸ್ತಕ ಕೊಟ್ಟೆ, ಖುಷಿ ಆದ.

ಕಥಿ ಓಡಬೇಕಂದ್ರ

ಅದು ಮೈಕೆಲ್ ಕ್ರೈಟನ್ ಬರದ "ಸ್ಫಿಯರ್", 1987ರದ್ದು. ಡೈನೋಸಾರ್ ಕಥಿ ಬರದು ಜಗತ್ತಿಗೆ ಹೆಸರಾಗೋಕ ಮುಂಚಿನದ್ದು. ಪೆಸಿಫಿಕ್ಕಿನ್ಯಾಗ ಸಾವಿರ ಅಡಿ ಕೆಳಗ ಒಂದು ದೊಡ್ಡ ನೌಕೆ ಸಿಗತೈತಿ, ಅದರ ಮ್ಯಾಲ ಬೆಳದ ಹವಳ ನೋಡಿದ್ರ ಮುನ್ನೂರು ವರ್ಷ ಆಗಿರಬೇಕು ಅಂತ ಲೆಕ್ಕ, ಆದ್ರ ನೌಕೆ ನೋಡಿದ್ರ ಮುಂದಿನ ಕಾಲದ್ದು. ವಿಜ್ಞಾನಿಗಳನ್ನ ಕೆಳಗ ಇಳಸ್ತಾರ, ಅವ್ರ ಜೋಡಿ ಒಬ್ಬ ಮನಶ್ಶಾಸ್ತ್ರಜ್ಞ. ಮ್ಯಾಲ ಚಂಡಮಾರುತ ಎದ್ದು ಹಡಗುಗಳು ದೂರ ಹೋಗತಾವ, ಇವ್ರು ಕೆಳಗ ಉಳೀತಾರ.

ಇದ್ರಾಗ ನನ್ಗ ಹಿಡಿಸಿದ್ದು ಒಳಗಿನ ಗಾಳಿ ಕಥಿ. ಅಷ್ಟು ಆಳದಾಗ ಮಾಮೂಲಿ ಗಾಳಿ ಉಸಿರಾಡಿದ್ರ ಸಾರಜನಕ ತಲಿಗೇರತೈತಿ, ಕುಡದವ್ರಂಗ ಆಗತೈತಿ, ಆಕ್ಸಿಜನ್ನೂ ಹೆಚ್ಚಾದ್ರ ವಿಷ. ಅದಕ್ಕ ಹೀಲಿಯಮ್ ಬೆರಸ್ತಾರ. ಹೀಲಿಯಮ್ಮಿನ್ಯಾಗ ದನಿ ಕೀಚಲು ಆಗತೈತಿ, ಮೈ ಕಾವು ಬ್ಯಾರೆ ಜಲ್ದಿ ಆರತೈತಿ. ಇನ್ನ ದೊಡ್ಡ ಮಾತಂದ್ರ ಒಮ್ಮೆ ಆ ಒತ್ತಡಕ್ಕ ಮೈ ಒಗ್ಗಿದ ಮ್ಯಾಲ ಸೀದಾ ಮ್ಯಾಲ ಬರೋಕ ಬರಂಗಿಲ್ಲ, ರಕ್ತದಾಗ ಕರಗಿದ ಗಾಳಿ ಗುಳ್ಳಿ ಎದ್ದು ಕೊಲ್ಲತೈತಿ, ನಿಧಾನಕ ದಿನಗಟ್ಟಲೆ ಒತ್ತಡ ಇಳಸಬೇಕು. ಖರೇ ಡೈವರ್‌ಗಳಿಗೂ ಇದ ಪದ್ಧತಿ. ಅಂದ್ರ ಬಾಗಿಲು ತೆರದ ಇರತೈತಿ, ಮ್ಯಾಲಿನ ನೀರು ಸಾವಿರ ಅಡಿ ಮಾತ್ರ, ಆದ್ರೂ ಹೊರಗ ಬರೋಕ ಬರಂಗಿಲ್ಲ. ಇದನ್ನ ಕ್ರೈಟನ್ ಚೊಲೊ ಬಳಸ್ಯಾರ.

ಇಂಗ್ಲಿಷು ಭಾಳ ಸರಳ, ಮಾತುಕತಿ ಜಾಸ್ತಿ, ಪಿಯುಸಿ ಓದೋ ಹುಡುಗರಿಗೂ ನಡೀತೈತಿ. ವಾತಾವರಣ ಅನ್ನೋದು ಕಮ್ಮಿ, ಥ್ರಿಲ್ಲರ್ ಅನ್ನೋದು ಹೆಚ್ಚು. ಹಳೇದಾಗೈತಿ ಅನ್ನೋದೂ ಕಾಣತೈತಿ, ಕಂಪ್ಯೂಟರ್ ಸ್ಕ್ರೀನಿನ ಭಾಗಗಳು ಈಗ ನಗಿ ತರತಾವ, ಹೆಣ್ಣು ಪಾತ್ರ ಬರದ ರೀತಿ ಬಗ್ಗೆ ನನ್ನ ತಂಗಿ ಅಂತೂ "ಅಣ್ಣಾ, ಇದನ್ನ ಬರದಾಂವ ಯಾವ ಕಾಲದಾಗ ಇದ್ದ" ಅಂತ ಕೇಳಿದ್ಲು. ಆಕಿ ಮಾತು ಬರೋಬರಿ ಐತಿ. ಆದ್ರೂ ಮೊದ್ಲ ಇಂಗ್ಲಿಷ್ ಕಾದಂಬರಿ ಹಿಡಿಯೋರಿಗೆ ಇದಕ್ಕಿಂತ ಚೊಲೋದು ಈ ಪಟ್ಟಿಯಾಗ ಇಲ್ಲ.

ಹೊಟ್ಟಿ ತೊಳಸಿದ್ರೂ ಪರವಾಗಿಲ್ಲ ಅಂದ್ರ

ನಿಕ್ ಕಟರ್ ಬರದ "ದ ಡೀಪ್", 2015. ಹುಡುಕುವಾಗ ಲೇಖಕರ ಹೆಸರು ಹಾಕಿ ಹುಡುಕ್ರಿ, ಯಾಕಂದ್ರ ಇದ ಹೆಸರಿನ ಪುಸ್ತಕ ಕಂಡಾಪಟ್ಟಿ ಅದಾವ. ಪೀಟರ್ ಬೆಂಚ್ಲಿ 1976ರಾಗ ಬರದದ್ದು ನಿಧಿ ಹುಡುಕೋ ಕಥಿ, ರಿವರ್ಸ್ ಸಾಲೊಮನ್ 2019ರಾಗ ಬರದದ್ದು ಬ್ಯಾರೆನ ಥರದ್ದು, ಅಲ್ಮಾ ಕಟ್ಸು 2020ರಾಗ ಬರದದ್ದು ಟೈಟಾನಿಕ್ ಹಡಗಿಂದು. ಆನ್‌ಲೈನಿನ್ಯಾಗ ಆರ್ಡರ್ ಮಾಡೋ ಗಡಿಬಿಡ್ಯಾಗ ತಪ್ಪು ಪುಸ್ತಕ ಬಂದ್ರ ರಿಟರ್ನ್ ಮಾಡೋ ಪೀಡಾ.

ಕಟರ್ ಅನ್ನೋದು ಕ್ರೇಗ್ ಡೇವಿಡ್ಸನ್ ಅನ್ನೋ ಕೆನಡಾದ ಲೇಖಕರ ಇನ್ನೊಂದು ಹೆಸರು. ಜಗತ್ತಿಗೆಲ್ಲ ಮರೆವಿನ ರೋಗ ಬಂದೈತಿ, ಮೊದ್ಲ ಸಣ್ಣ ಸಣ್ಣದು ಮರೀತಾರ, ಆಮ್ಯಾಲ ದೊಡ್ಡದು, ಕಡೀಗೆ ಮೈಗೆ ತನ್ನ ಕೆಲಸನ ಮರತು ಹೋಗತೈತಿ. ಔಷಧ ಇರಬಹುದಾದ ಒಂದು ವಸ್ತು ಮರಿಯಾನಾ ಟ್ರೆಂಚಿನ್ಯಾಗ ಸಿಕ್ಕೈತಿ, ಅಲ್ಲಿ ಒಂದು ಲ್ಯಾಬ್. ಅದಕ್ಕ ಟ್ರಿಯೆಸ್ಟ್ ಅಂತ ಹೆಸರು, ನಾ ಮ್ಯಾಲ ಹೇಳಿದ 1960ರ ವಾಹನದ್ದ. ಪುಸ್ತಕದಾಗ ಲ್ಯಾಬು ಎಂಟು ಮೈಲಿ ಕೆಳಗ ಐತಿ ಅಂತ ಬರದಾರ, ಖರೇ ಟ್ರೆಂಚ್ ಏಳು ಮೈಲಿನೂ ಪೂರಾ ಇಲ್ಲ, ಒಂದು ಮೈಲಿಗಿಂತ ಜಾಸ್ತಿ ಕಥಿಗಾರರ ಜೇಬಿಂದ ಹಾಕ್ಯಾರ. ಇರ್ಲಿ, ನಮ್ಮ ಪುರಾಣದಾಗ ಪಾತಾಳಕ್ಕ ಯಾರು ಟೇಪ್ ಹಿಡಿದಾರ.

ಶುರುವಿನ ಭಾಗ ಖರೇನ ಚೊಲೊ ಐತಿ, ಇಳಿಯೋ ಭಾಗ ಅಂತೂ ಕೈ ಬೆವರತಾವ, ಗೋಡಿ ಚಿರ್ ಅನ್ನೋ ಸಪ್ಪಳ, ಹೊರಗಿನ ಕತ್ತಲ. ಅರ್ಧ ಆದಮ್ಯಾಲ ರಕ್ತ, ಹುಳ, ಕೊಳೆ, ಬಾಲ್ಯದ ಕೆಟ್ಟ ನೆನಪು, ಒಂದರ ಮ್ಯಾಲ ಒಂದು. ಪ್ರತಿ ಅಧ್ಯಾಯದಾಗೂ ಒಂದು ಅಸಹ್ಯ ಇರಲೇಬೇಕು ಅಂತ ಹಟ ಹಿಡದಂಗ. ಹಿಂಗ ಮಾಡಿದ್ರ ಓದೋರು ಗಟ್ಟಿ ಆಗಿಬಿಡ್ತಾರ, ಅಂಜಿಕಿ ಇಳೀತೈತಿ. ಇದ್ರಾಗ ಒಂದು ನಾಯಿನೂ ಐತಿ. ನಾಯಿ ಸಾಕಿದವ್ರಿಗೆ ಇಷ್ಟು ಹೇಳಿದ್ರ ಸಾಕು. ಮಕ್ಕಳ ಮ್ಯಾಲಿನ ಹಿಂಸೆ ಓದೋಕ ಆಗದವ್ರೂ ದೂರ ಇರ್ರಿ.

ಇದ ಸಾಲಿನ್ಯಾಗ ಮೀರಾ ಗ್ರಾಂಟ್ ಬರದ "ಇನ್‌ಟು ದ ಡ್ರೌನಿಂಗ್ ಡೀಪ್" ಬರತೈತಿ, 2017ರದ್ದು. ಮತ್ಸ್ಯಕನ್ಯೆ ಅಂತ ಕೇಳಿದಕೂಡ್ಲೇ ಮಕ್ಕಳ ಕಥಿ ಅನ್ಕೋಬ್ಯಾಡ್ರಿ, ಇವಕ್ಕ ಹಲ್ಲು ಅದಾವ. ಮರಿಯಾನಾ ಟ್ರೆಂಚಿನ ಮ್ಯಾಲ ಒಂದು ಹಡಗಿನ ಮಂದಿ ಎಲ್ಲಾ ಕಾಣಿ ಆಗಿರ್ತಾರ, ಏಳು ವರ್ಷದ ಮ್ಯಾಲ ಇನ್ನೊಂದು ಹಡಗು ಹೋಗತೈತಿ, ಅದ್ರಾಗ ಸತ್ತವ್ರ ತಂಗಿನೂ ಇರ್ತಾಳ. ಪಾತ್ರ ಭಾಳ, ವಿಜ್ಞಾನದ ಮಾತು ಭಾಳ, ನಾನೂರು ಪುಟ ದಾಟತೈತಿ. ಹೆಚ್ಚಿನ ಕಥಿ ಹಡಗಿನ ಮ್ಯಾಲನ ನಡೀತೈತಿ, ಕೆಳಗಿನವು ಮ್ಯಾಲ ಬರತಾವ. ಹಿಂಗಾಗಿ ಆಳದ ಅಂಜಿಕಿ ಬೇಕಂತ ಹೋದ್ರ ಪೂರಾ ಸಿಗಂಗಿಲ್ಲ, ಬೆನ್ನಟ್ಟಿ ಬರೋ ಪ್ರಾಣಿ ಬೇಕಂದ್ರ ಈ ಪಟ್ಟಿಯಾಗ ಇದ ಬೆಸ್ಟ್. "ಏನ್ ಬರತೈತಿ?" ಅಂತ ಕೇಳೋರಿಗೆ ನಾ ಇದನ್ನ ಕೈಗೆ ಕೊಡ್ತೀನಿ, ಮಾತು ಮುಗೀತೈತಿ.

ಪುಕ್ಕಟ್ಟೆ ಬೇಕಂದ್ರ

ಎರಡು ಅದಾವ, ಎರಡೂ ಕಾನೂನು ಪ್ರಕಾರನ ಪುಕ್ಕಟ್ಟೆ, ಟೆಲಿಗ್ರಾಮಿನ ಪಿಡಿಎಫ್ ಅಲ್ಲ.

ಒಂದು ಎಚ್. ಜಿ. ವೆಲ್ಸ್ ಬರದ "ಇನ್ ದ ಅಬಿಸ್" ಅನ್ನೋ ಸಣ್ಣ ಕಥಿ, 1896ರದ್ದು, ಹಳೇ ಪುಸ್ತಕ ಪುಕ್ಕಟ್ಟೆ ಕೊಡೋ ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನ್ಯಾಗ ಸಿಗತೈತಿ. ಒಬ್ಬಾಂವ ಉಕ್ಕಿನ ಗೋಳದಾಗ ಕುಂತು ಐದು ಮೈಲಿ ಕೆಳಗ ಹೋಗ್ತಾನ, ದಪ್ಪ ಗಾಜಿನ ಕಿಟಕಿ, ತಳ ಮುಟ್ಟಿ ಅರ್ಧ ತಾಸಿಗೆ ಗಡಿಯಾರದ ಯಂತ್ರ ಹಗ್ಗ ಕಡದು ಗೋಳ ತಾನ ಮ್ಯಾಲ ಬರಬೇಕು. ಬರಂಗಿಲ್ಲ. ಹಡಗಿನ ಮ್ಯಾಲ ನಿಂತವ್ರು ಸಂಜಿಮಟ ನೀರು ನೋಡ್ಕೋಂತ ನಿಂದ್ರತಾರ, ಕತ್ತಲ ಆಗತೈತಿ. ಈ ಕಾಯೋ ಭಾಗ ಓದಿ ನಿಮ್ಗ ಎದಿ ಹೊಡ್ಕೊಂತು ಅಂದ್ರ ಆರ್ಮ್‌ಫೀಲ್ಡ್ ಪುಸ್ತಕ ಕಣ್ಣು ಮುಚ್ಚಿ ತಗೋರಿ. ಅದನ್ನ ದಾಟಿ "ಕೆಳಗ ಏನ್ ನೋಡಿದ ಹೇಳ್ರಿ ಜಲ್ದಿ" ಅಂತ ಪುಟ ಹಾರಿಸಿದ್ರ ನಿಮ್ಮದು ಕ್ರೈಟನ್ ಇಲ್ಲಾ ಗ್ರಾಂಟ್ ದಾರಿ. ಒಂದು ಚಾ ಕುಡಿಯೋ ಹೊತ್ತಿನ ಪರೀಕ್ಷೆ, ರೂಪಾಯಿ ಖರ್ಚಿಲ್ಲ. ವೆಲ್ಸ್ ಇದನ್ನ ಬರದಾಗ ಮನುಷ್ಯ ಆಳಕ್ಕ ಹೋಗಿದ್ದಿಲ್ಲ, ವಿಲಿಯಂ ಬೀಬಿ ಅನ್ನೋರು ಓಟಿಸ್ ಬಾರ್ಟನ್ ಜೋಡಿ ಉಕ್ಕಿನ ಗೋಳದಾಗ ಬರ್ಮುಡಾದ ಹತ್ರ 923 ಮೀಟರ್ ಇಳದದ್ದು 1934ರಾಗ. ಮೂವತ್ತೆಂಟು ವರ್ಷ ಮುಂಚೆ ಗೋಳ ಬರದಿಟ್ಟಿದ್ರು ನೋಡ್ರಿ. ಭಾಷೆ ಮಾತ್ರ ಹಳೇ ಇಂಗ್ಲಿಷು, ಸ್ವಲ್ಪ ತಡವರಸತೈತಿ.

ಇನ್ನೊಂದು ಪೀಟರ್ ವಾಟ್ಸ್ ಬರದ "ಸ್ಟಾರ್‌ಫಿಶ್", 1999. ಲೇಖಕರು ಸಮುದ್ರ ಜೀವಶಾಸ್ತ್ರ ಓದಿದವ್ರು, ಪುಸ್ತಕನ ತಮ್ಮ ವೆಬ್‌ಸೈಟಿನ್ಯಾಗ ತಾವ ಪುಕ್ಕಟ್ಟೆ ಇಟ್ಟಾರ. ಇದರ ಸ್ಟೇಷನ್ನಿಗೆ ಬೀಬಿ ಅಂತ ಹೆಸರು, ಆ ಬರ್ಮುಡಾದ ಬೀಬಿದ್ದ. ಪೆಸಿಫಿಕ್ಕಿನ ತಳದಾಗ ಬಿಸಿನೀರಿನ ಬುಗ್ಗಿ ಇರೋ ಕಡಿ ಕರೆಂಟ್ ತಯಾರು ಮಾಡೋ ಪ್ಲಾಂಟು, ಅದನ್ನ ನೋಡ್ಕೊಳ್ಳೋ ಕೆಲಸಗಾರರ ಮೈ ಕೊಯ್ದು ಒಂದು ಶ್ವಾಸಕೋಶ ತಗದು ಅಲ್ಲಿ ಮಷೀನ್ ಇಡ್ತಾರ, ಅವ್ರು ನೀರಾಗ ಹಂಗ ಅಡ್ಡಾಡತಾರ. ಇಂಥ ಕೆಲಸಕ್ಕ ಕಂಪನಿ ಯಾರನ್ನ ಆರಿಸತೈತಿ ಅಂದ್ರ ಮೊದ್ಲ ಒಡದು ಹೋದ ಮಂದಿನ್ನ, ಮನ್ಯಾಗ ಹಿಂಸೆ ಉಂಡವ್ರು, ಹಿಂಸೆ ಮಾಡಿದವ್ರು, ಯಾಕಂದ್ರ ಅಂಥವ್ರಿಗೆ ಅಲ್ಲಿ ಇರೋದು ಸಹಜ ಅನಸತೈತಿ ಅಂತ ಕಂಪನಿ ಲೆಕ್ಕ. ಶಕ್ತಿನಗರ, ಕುಡತಿನಿ ಥರ್ಮಲ್ಲಿನ್ಯಾಗ ರಾತ್ರಿ ಪಾಳಿ ಮಾಡಿದವ್ರು, ಹಟ್ಟಿ ಗಣಿಯಾಗ ಕೆಳಗ ಇಳಿಯೋವ್ರು ಇದನ್ನ ಓದಿದ್ರ ಬ್ಯಾರೆನ ಥರ ಓದ್ತಾರ ಅಂತ ನನ್ಗ ಅನಸತೈತಿ, ಯಾಕಂದ್ರ ಪಾಳಿ, ಸಲಕರಣೆ, ಮ್ಯಾಲಿನವ್ರು ಹೇಳೋ ಸುಳ್ಳು, ಇದೆಲ್ಲ ಇದ್ರಾಗ ಕಥಿಯ ಎಲುಬು.

ಪಟ್ಟಿಯಾಗ ಎಲ್ಲಾಕ್ಕಿಂತ ಕಠಿಣ ಇಂಗ್ಲಿಷು ಇದರದ್ದ, ತಾಂತ್ರಿಕ ಶಬ್ದ ರಾಶಿ ರಾಶಿ. ಮೂರು ಭಾಗದ ಸರಣಿಯ ಮೊದಲನೇದು. ಕತ್ತಲದ ಅಂಜಿಕಿಗೆ ಇದರ ಮುಂದ ಯಾವ್ದೂ ನಿಂದ್ರಂಗಿಲ್ಲ, ಒಂದು ಪಾತ್ರ ದೀಪ ಆರಿಸಿ ಆ ಕತ್ತಲದಾಗ ಆರಾಮಾಗಿ ತೇಲಕೋಂತ ಇರೋ ಭಾಗ ಬರತೈತಿ, ಅಲ್ಲಿ ಅಂಜಿಕಿ ಹತ್ತೋದು ಕತ್ತಲಕ್ಕಲ್ಲ, ಆ ಆರಾಮಿಗೆ. ಮಕ್ಕಳ ಮ್ಯಾಲಿನ ದೌರ್ಜನ್ಯದ ಪ್ರಸ್ತಾಪ ಇದ್ರಾಗೂ ಐತಿ, ಗೊತ್ತಿರ್ಲಿ.

ಹೆಂಗ ಓದಬೇಕು, ಯಾವಾಗ ಓದಬೇಕು

ಇದೂ ಆರಿಸೋ ಮಾತ, ಯಾಕಂದ್ರ ವಾತಾವರಣದ ಕಾದಂಬರಿಗೆ ನಿಮ್ಮ ಮನಿ ವಾತಾವರಣನೂ ಸೇರತೈತಿ. ಮದುವಿ ಸೀಜನ್ನಿನ್ಯಾಗ ಓಣಿಗೆ ಎರಡು ಡಿಜೆ ಇದ್ದಾಗ ಆರ್ಮ್‌ಫೀಲ್ಡ್ ಹಿಡಿಬ್ಯಾಡ್ರಿ, ಆ ಪುಸ್ತಕಕ್ಕ ಸುಮ್ಮನಿರೋ ಮನಿ ಬೇಕು. ಕ್ರೈಟನ್ನು, ಗ್ರಾಂಟು ಗದ್ದಲದಾಗೂ ಓದಸ್ಕೊಂಡು ಹೋಗತಾವ, ಗವಿಮಠದ ಜಾತ್ರಿ ಪಳಾರದ ಅಂಗಡಿ ಮುಂದ ನಿಂತ್ರೂ ನಡೀತೈತಿ.

ಕಾಗದದ ಪುಸ್ತಕ, ಮೊಬೈಲು, ಆಡಿಯೊ, ಈ ಮೂರರಾಗ ನನ್ನ ಮತ ಪುಸ್ತಕಕ್ಕ ಹೋಗತೈತಿ, ಒಂದ ಕಾರಣಕ್ಕ: ಮೊಬೈಲಿನ್ಯಾಗ ಓದುವಾಗ ಅಂಜಿಕಿ ಏರೋ ಹೊತ್ತಿಗೆ ಸರಿಯಾಗಿ ಯಾವನೋ ಗುಡ್ ನೈಟ್ ಅಂತ ಗುಲಾಬಿ ಹೂವಿನ ಫೋಟೊ ಕಳಸ್ತಾನ, ಎಲ್ಲಾ ಹಾಳು. ಮೊಬೈಲಿನ್ಯಾಗನ ಓದ್ತೀನಿ ಅಂದ್ರ ಏರೋಪ್ಲೇನ್ ಮೋಡ್ ಹಾಕ್ರಿ, ಪರದೆ ಕರಿ ಮಾಡ್ರಿ, ಅಕ್ಷರ ಬಿಳಿ. ಆದ್ರ ಒಂದು ಮಾತಿಗೆ ಮೊಬೈಲು ಗೆಲ್ಲತೈತಿ, ರಾತ್ರಿ ಕರೆಂಟ್ ಹೋದಾಗ ಓದು ನಿಂದ್ರಂಗಿಲ್ಲ, ಫ್ಯಾನ್ ನಿಂತು ಮನಿ ಗಪ್ ಆಗಿರತೈತಿ, ಬೆವರು ಇಳಿಯಕತ್ತಿರತೈತಿ, ಆಗ ವಾಟ್ಸ್ ಓದಿ ನೋಡ್ರಿ. ಸಂಶಯ ಬಂದ ಶಬ್ದಕ್ಕ ಬೆರಳು ಒತ್ತಿದ್ರ ಅರ್ಥನೂ ಬರತೈತಿ, ಆ ಪುಸ್ತಕಕ್ಕ ಅದು ಬೇಕಾಗತೈತಿ.

ಆಡಿಯೊ ಅಂದ್ರ ಕೊಪ್ಪಳದಿಂದ ಹುಬ್ಬಳ್ಳಿಗೆ ರೈಲಿನ್ಯಾಗ ದಿನಾ ಹೋಗಿ ಬರೋವ್ರಿಗೆ ಅನುಕೂಲ, ಅದೂ ಕ್ರೈಟನ್ನಿಗೆ. ಆರ್ಮ್‌ಫೀಲ್ಡ್ ಆಡಿಯೊದಾಗ ಬ್ಯಾಡ ಅಂತೀನಿ, ಅದರ ವಾಕ್ಯ ಎರಡನೇ ಸಲ ಹಿಂದಕ್ಕ ಹೋಗಿ ಓದೋ ಹಂಗಿರತಾವ, ಕಿವ್ಯಾಗ ಹಾಕ್ಕೊಂಡ್ರ ಗದಗ ಬರೋದ್ರೊಳಗ ಅರ್ಧ ಜಾರಿ ಹೋಗಿರತೈತಿ.

ಕಾಲ ಅಂದ್ರ ಏಪ್ರಿಲ್, ಮೇ. ನಲವತ್ತು ದಾಟಿದ ಬಿಸಿಲಿಗೆ ಮಧ್ಯಾಹ್ನ ಹೊರಗ ಕಾಲಿಡೋಕ ಆಗಂಗಿಲ್ಲ, ಕಿಟಕಿ ಮುಚ್ಚಿ ಪರದೆ ಎಳದು ಕುಂತಿರ್ತೀರಿ, ಆಳ ಸಮುದ್ರದ ತಳದಾಗ ನಾಲ್ಕು ಡಿಗ್ರಿಗಿಂತ ಕಮ್ಮಿ ತಂಪು ಅಂತ ಓದಿದ್ರ ಒಂದು ಕ್ಷಣ ಆಸೆನೂ ಆಗತೈತಿ. ನಮ್ಮ ಕಡಿ ಮಂದಿಗೆ ಈ ಪುಸ್ತಕಗಳು ಮಳಿಗಾಲಕ್ಕಿಂತ ಬ್ಯಾಸಗಿಗೆ ಹೆಚ್ಚು ಹಿಡಿಸತಾವ ಅನ್ನೋದು ನನ್ನ ವಾದ, ಮಲೆನಾಡಿನವ್ರು ಒಪ್ಪಂಗಿಲ್ಲ, ಬಿಡ್ರಿ.

ಇಬ್ರು ಮೂರು ಮಂದಿ ಕೂಡಿ ತರಸೋದಾದ್ರ ಒಂದು ಆರ್ಮ್‌ಫೀಲ್ಡ್, ಒಂದು ಕ್ರೈಟನ್ ಇಷ್ಟು ಸಾಕು, ವೆಲ್ಸ್ ಮತ್ತ ವಾಟ್ಸ್ ಹೆಂಗೂ ಪುಕ್ಕಟ್ಟೆ. ಗ್ರಾಂಟ್ ಬೇಕಾದವ್ರು ತಾವ ತರಸ್ಕೋತಾರ. ಕಟರನ್ನ ಯಾರಾದ್ರೂ ತರಿಸಿದ್ರ ಕೇಳಿ ಇಸ್ಕೊಂಡು ಮೊದಲರ್ಧ ಓದ್ರಿ, ಇಳಿಯೋ ಭಾಗ ಮುಗಿದಮ್ಯಾಲ ಮುಂದ ಹೋಗೋದು ಬಿಡೋದು ನಿಮ್ಮ ಹೊಟ್ಟಿ ಮ್ಯಾಲ ಐತಿ. ಊಟ ಆದಕೂಡ್ಲೇ ಮಾತ್ರ ಬ್ಯಾಡ್ರಿ.